ಗೊರಕೆಗೆ ಸಾಕ್ಷಿ

ನನ್ನ ಬಗ್ಗೆ ಊರಿಗೆಲ್ಲ ಗೊತ್ತಿರುವ ಸಂಗತಿಯೊಂದನ್ನು ನಾನು ಮಾತ್ರ ಇವತ್ತಿನವರೆಗೂ ಕಿವಿಯಾರೆ ಕೇಳಿಲ್ಲ. ಅದು ನನ್ನ ಗೊರಕೆ. ಬರೀ ಬೇರೆಯವರ ಮಾತು ನಂಬಿ ಇಷ್ಟು ಕೆಟ್ಟ ಹೆಸರು ಹೊತ್ತವರು ಲೋಕದಲ್ಲಿ ಕಡಿಮೆ. ಹೆಂಡತಿ ಕಮಲ ಹೇಳಿದಾಗೆಲ್ಲ, ಕನಸು ಕಂಡಿರ್ಬೇಕು ಬಿಡೇ ಅಂತ ತಳ್ಳಿಹಾಕುತ್ತಿದ್ದೆ.

ರಾಜಾಜಿನಗರ ಇನ್ನೂ ಅರ್ಧ ಬಡಾವಣೆ, ಅರ್ಧ ರಾಗಿ ಹೊಲವಾಗಿದ್ದ ಐವತ್ತರ ದಶಕದಲ್ಲಿ ನಾವು ಕೆಂಪಣ್ಣನವರ ವಠಾರದಲ್ಲಿದ್ದೆವು. ಅವರು ಅಲ್ಲಿನ ಹಳೇ ಊರಿನ ಬೇಸಾಯಗಾರರು. ಹೊಲ ಹೋಗಿ ಉಳಿದ ಜಾಗದಲ್ಲಿ ಸಾಲುಮನೆ ಕಟ್ಟಿಸಿದ್ದರು. ಮನೆಗಳ ನಡುವೆ ಗೋಡೆಯೇನೋ ಇತ್ತು, ಹೆಂಚಿನವರೆಗೆ ಮುಟ್ಟುತ್ತಿರಲಿಲ್ಲ ಅಷ್ಟೆ. ಒಬ್ಬರ ಮನೆಯ ಒಗ್ಗರಣೆಗೆ ಎಲ್ಲರೂ ಸೀನುತ್ತಿದ್ದೆವು. ಅಂಥ ಕಡೆ ಗೊರಕೆಯನ್ನು ಗುಟ್ಟಾಗಿಡುವುದು ಹೇಗೆ ಹೇಳಿ.

ಒಂದು ಭಾನುವಾರ ಕೆಂಪಣ್ಣ ಬಂದು, ತಲೆ ಕೆರೆದುಕೊಂಡು, ಬೇರೆ ಮನೆ ನೋಡಿಕೊಳ್ಳಿ ಅಂದುಬಿಟ್ಟರು. ಅಂಗಳದಲ್ಲೇ ಸಿಹಿನೀರಿನ ಬಾವಿ, ಕಾರ್ಖಾನೆಯ ಆಫೀಸಿಗೆ ನಡೆದೇ ಹೋಗಬಹುದು. ಇಂಥ ಮನೆ ಇನ್ನೆಲ್ಲಿ ಸಿಗಬೇಕು? ಉಸಿರಾಟ, ನಿದ್ದೆಗಳ ತೊಂದರೆ ಬಗ್ಗೆ ಸಂಶೋಧನೆ ಮಾಡೋ ವೈದ್ಯಕೀಯ ಸಂಸ್ಥೆಯೊಂದು ಇದೆಯಂತೆ, ಅಲ್ಲಿ ತೋರಿಸ್ತೀವಿ, ಅಲ್ಲಿವರೆಗೆ ತಡೀರಿ ಎಂದು ಕಮಲ ಬೇಡಿಕೊಂಡಳು.

ಸಂಸ್ಥೆಯ ಡಾಕ್ಟರು ಮಟಮಟ ಮಧ್ಯಾಹ್ನ ಕಬ್ಬಿಣದ ಮಂಚದ ಮೇಲೆ ಮಲಗಿಸಿ, ಎದೆಗೆ ಪಟ್ಟಿ ಕಟ್ಟಿ, ನಿದ್ದೆ ಮಾಡಿ ಎಂದರು. ಆಫೀಸಿನ ಕುರ್ಚಿಯಲ್ಲಿ ಕೂತಕೂತಲ್ಲೇ ತೂಗಿಬೀಳುವ ನನಗೆ, ಅಪ್ಪಣೆಯಾದ ಮೇಲೆ ರೆಪ್ಪೆ ಮುಚ್ಚಲಿಲ್ಲ. ಬೇಸತ್ತ ಡಾಕ್ಟರು, ಗೊರಕೆ ಕೇಳಿದವರನ್ನಾದರೂ ಕರೆದುಕೊಂಡು ಬನ್ನಿ ಎಂದರು. ಅವರ ಮನಸ್ಸಿನಲ್ಲಿದ್ದದ್ದು ಹೆಂಡತಿ. ಮರುದಿನ ಜಟಕಾಗಳಲ್ಲಿ ತುಂಬಿಕೊಂಡು ವಠಾರವೇ ಬಂತು.

ಕಮಲ ಸೆರಗು ಅಡ್ಡ ಹಿಡಿದು, ನಾಚಿಕೊಂಡು, ಒಂಚೂರು ಮಾಡಿ ತೋರಿಸಿದಳು. ಪಕ್ಕದ ಮನೆ ಮೇಷ್ಟ್ರು, ಹಾಗಲ್ಲಮ್ಮ ಅಂತ ತಿದ್ದಿದರು. ಕೊನೆಗೆ ಕೆಂಪಣ್ಣ ರುಮಾಲು ತೆಗೆದಿಟ್ಟು, ಬೆಂಚಿನ ಮೇಲೆ ಅಂಗಾತ ಮಲಗಿ ಶುರುಮಾಡಿದರು. ಕಬ್ಬಿನ ಗಾಣ ತಿರುಗಿದ ಹಾಗೆ ಏರುತ್ತ ಏರುತ್ತ ಹೋಗಿ ಪಟ್ಟನೆ ನಿಂತಿತು. ವಠಾರದವರೆಲ್ಲ ಅಭ್ಯಾಸಬಲದಿಂದ ಉಸಿರು ಬಿಗಿಹಿಡಿದರು. ಆಮೇಲೆ ಕೆಂಪಣ್ಣ ಗೊಕ್ಕೆಂದು ಉಸಿರೆಳೆದುಕೊಂಡರು. ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟರು.

ಇಷ್ಟು ಸದ್ದಿಗೆ ಮನೆ ಬಿಡಿಸ್ತೀರಾ ಅಂತ ಡಾಕ್ಟರು ಕೇಳಿದರು. ಕೆಂಪಣ್ಣ ಎದ್ದು ಕೂತರು.

"ಸದ್ದಿಗಲ್ಲ ಸಾರ್. ಸದ್ದಿದ್ರೆ ನಮಗೂ ನಿದ್ದೆ ಬರುತ್ತೆ. ನಡುವೆ ನಿಂತುಹೋಗುತ್ತಲ್ಲ, ಆಗ ನಮ್ಮ ಜೀವಾನೇ ಹೋಗುತ್ತೆ. ನನ್ನ ಕಣ್ಮುಂದೆ ಇವರಿಗೆ ಏನೂ ಆಗೋದು ಬೇಡಪ್ಪ ಅಂತ ಹೋಗಿ ಅಂದೆ."

ಇಷ್ಟು ದಿನ ಇವರೆಲ್ಲ ನನ್ನನ್ನು ಬೈಕೊಂಡು ಮಲಗ್ತಾರೆ ಅಂದುಕೊಂಡಿದ್ದೆ.

ಮಗ್ಗುಲಾಗಿ ಮಲಗಿ, ಹೊಟ್ಟೆ ಕರಗಿಸಿ, ಉಸಿರು ನಿಂತಾಗ ಯಾರಾದರೂ ಎಬ್ಬಿಸಲಿ ಎಂದರು ಡಾಕ್ಟರು. ಬೇರೆ ಕಡೆ ಹೋದರೆ ಎಬ್ಬಿಸೋರು ಯಾರು ಅಂತ ಕೆಂಪಣ್ಣ ತಮ್ಮ ಮಾತನ್ನು ಅಲ್ಲೇ ಹಿಂದಕ್ಕೆ ತಗೊಂಡರು. ಕಮಲ ಒಬ್ಬಳೇ ಎಷ್ಟೂಂತ ಕಾದಾಳು? ವಠಾರದವರು ಸರದಿ ಹಾಕಿಕೊಂಡರು. ನನ್ನ ಉಸಿರು ನಿಂತರೆ ಸರದಿಯವರು ಗೋಡೆ ಮೇಲಿಂದ ತೆಂಗಿನಕಾಯಿ ಕೀಳೋ ದೋಟಿ ತೂರಿಸಿ ನನ್ನನ್ನು ತಿವಿಯುತ್ತಿದ್ದರು. ಮಗ್ಗುಲು ಬದಲಿಸಿ ಮತ್ತೆ ಸುಖವಾಗಿ ನಿದ್ದೆ ಹೋಗುತ್ತಿದ್ದೆ.

ಬೆಳಗ್ಗೆ ಬಾವಿಕಟ್ಟೆಯಲ್ಲಿ ಎಲ್ಲರ ಕೆಂಪು ಕಣ್ಣು ನೋಡಿ ಮನಸ್ಸು ತಡೆಯದೆ, ನಾನೂ ಒಂದು ಸರದಿ ಕಾಯ್ತೀನಿ ಎಂದೆ.

ಕೆಂಪಣ್ಣ ಕೊಡ ಕೆಳಗಿಟ್ಟು ನನ್ನನ್ನೇ ನೋಡಿದರು. "ನೀವು ಮಲ್ಕೊಳ್ಳಿ ಸ್ವಾಮಿ. ನಿಮ್ಮ ಗೊರಕೆ ಬಗ್ಗೆ ನಿಮಗೇನು ಗೊತ್ತು?"