ನಡು ಮುರಿದ ಹೆಸರುಗಳು

ಊರಿನ ಅರ್ಧ ಅಂಗಡಿಗಳ ಹಣೆಬರಹ ಬರೆದವನು ಅವನು. ಚಪ್ಪಲಿ ಅಂಗಡಿ, ಹಲ್ಲಿನ ಡಾಕ್ಟರ ಕ್ಲಿನಿಕ್ಕು, ಡ್ರೈವಿಂಗ್ ಸ್ಕೂಲು, ಯಾವುದರ ನೆತ್ತಿ ನೋಡಿದರೂ ಅವನದೇ ಅಕ್ಷರ. ಜನ ಅವನನ್ನು ಬೋರ್ಡಣ್ಣ ಎಂದೇ ಕರೆಯುತ್ತಿದ್ದರು. ಇಷ್ಟೆಲ್ಲ ಹೆಸರು ಬರೆದ ಕೈಗೆ ಸ್ವಂತ ಮಕ್ಕಳಿಗೊಂದು ಹೆಸರಿಡುವ ಯೋಗ ಮಾತ್ರ ಇರಲಿಲ್ಲ. ಅವಳಿ ಹೆಣ್ಣುಮಕ್ಕಳು ಹುಟ್ಟಿದ ದಿನ ಅವನು ಕೆಳಗೆ ಔಷಧಿಗೆ ಕ್ಯೂ ನಿಂತು ಬರುವಷ್ಟರಲ್ಲಿ ಹೆಂಡತಿ ಎರಡಕ್ಕೂ ಹೆಸರಿಟ್ಟು ಮುಗಿಸಿದ್ದಳು. ನರ್ಸುಗಳು ಆಗಲೇ ಆ ಹೆಸರು ಹಿಡಿದು ಮುದ್ದು ಮಾಡುತ್ತಿದ್ದರು. ಅಪ್ಪ ಎನ್ನುವವನು ಬಾಗಿಲಲ್ಲಿ ಮಾತ್ರೆ ಚೀಟಿ ಹಿಡಿದು ನಿಂತಿದ್ದ.

(ಆ ಹೆಸರುಗಳು ಮನೆಗೆ ಬಂದ ಮೇಲೆ ಬಾಳಲಿಲ್ಲ ಬಿಡಿ. ನಾಲ್ಕು ನಿಮಿಷ ಮುಂಚೆ ಹುಟ್ಟಿದ ದಪ್ಪನೆಯದು ಗುಂಡು ಆಯಿತು, ಸದಾ ಕಿರುಚುವ ಸಣ್ಣದು ಪೀಪಿ ಆಯಿತು.)

ಈ ಹೊಟ್ಟೆಯುರಿಯನ್ನು ನುಂಗಿಕೊಂಡೇ ಇದ್ದವನಿಗೆ ಜನನ ಪತ್ರದ ಕಚೇರಿಯಲ್ಲಿ ಜ್ಞಾನೋದಯವಾಯಿತು. "ಮೊದಲ ಹೆಸರಾಯ್ತು, ಕೊನೆಯ ಹೆಸರಾಯ್ತು. ನಡುವಿನ ಹೆಸರು ಏನಾದ್ರೂ ಉಂಟೋ?" ಎಂದು ಗುಮಾಸ್ತ ಆಕಳಿಸುತ್ತ ಕೇಳಿದ. ಬೋರ್ಡಣ್ಣನಿಗೆ ತನ್ನ ತಾಯಿ ಕಣ್ಣ ಮುಂದೆ ಬಂದಳು.

ಬಾಣಂತನಕ್ಕೆಂದು ಬಂದ ಅವನ ತಾಯಿ ದಿನವಿಡೀ ಹಿತ್ತಲ ನಲ್ಲಿಯ ಕೆಳಗೆ ಮಕ್ಕಳ ಬಟ್ಟೆ ಒಗೆಯುತ್ತಿದ್ದಳು. ಮಾತು ಕಡಿಮೆ. ಮಕ್ಕಳ ಹೆಸರು ಹೇಳಿದಾಗಲೂ "ಹೂಂ" ಎಂದಿದ್ದಳು, ಅಷ್ಟೇ. ಆ ಒಂದು "ಹೂಂ"ನಿಂದ ಬೋರ್ಡಣ್ಣ ಒಂದು ದೊಡ್ಡ ದುರಂತ ನಾಟಕವನ್ನೇ ಕಟ್ಟಿಕೊಂಡ. ಮೊಮ್ಮಗಳಿಗೆ ತನ್ನ ಹೆಸರಿಡಲಿಲ್ಲವೆಂದು ಹೆತ್ತ ಕರುಳು ಒಳಗೊಳಗೇ ಬೇಯುತ್ತಿದೆ, ಪಾಪ, ಬಾಯಿ ಬಿಟ್ಟು ಹೇಳುವವಳಲ್ಲ! "ಯೋಚನೆ ಮಾಡಿ ಹೇಳ್ತೀನಿ" ಎಂದು ಗುಮಾಸ್ತನಿಗೆ ಹೇಳಿ ಮನೆಗೆ ಓಡಿದ.

ಹೆಂಡತಿ ಒಂದನ್ನು ಮಡಿಲಲ್ಲಿ, ಇನ್ನೊಂದನ್ನು ಹೆಗಲಲ್ಲಿ ಹಾಕಿಕೊಂಡು ಕೂತಿದ್ದಳು.

"ಲೇ, ನಡುವಿನ ಹೆಸರು ಇಡೋಣ ಕಣೇ."

"ರೀ, ಎರಡು ಹೆತ್ತು ನನ್ನ ನಡುವೇ ಬಿದ್ದುಹೋಗಿದೆ. ನಿಮಗೆ ನಡುವಿನ ಹೆಸರಿನ ಚಿಂತೆ."

"ಅಮ್ಮನ ಹೆಸರು..."

"ಕೊನೆಗೆ ನಿಮ್ಮ ಮನೆತನದ ಹೆಸರು, ನಡುವೆ ನಿಮ್ಮಮ್ಮನ ಹೆಸರು. ಹೆತ್ತವಳು ನಾನೆಲ್ಲಿ, ಬ್ರಾಕೆಟ್ಟಲ್ಲಾ?"

"ಎರಡೂ ಮೊದಲ ಹೆಸರು ನೀನೇ ಹೊಡ್ಕೊಂಡಿದ್ದೀಯ. ಇನ್ನೇನು ಬೇಕು ನಿನಗೆ?"

"ನಿದ್ದೆ," ಎಂದಳು ಅವಳು.

ಅಲ್ಲಿಗೇ ನಿಲ್ಲಿಸಿದ್ದರೆ ಅವನು ಬೋರ್ಡಣ್ಣ ಹೇಗಾದಾನು? ಇನ್ನೊಂದು ಮಗುವಿಗೆ ಅತ್ತೆಯ ಹೆಸರಿಡುವುದಾಗಿ ಘೋಷಿಸಿದ. ಇಬ್ಬರು ಅಜ್ಜಿಯರು, ಇಬ್ಬರು ಮೊಮ್ಮಕ್ಕಳು. ದೇವರೇ ಲೆಕ್ಕ ಸರಿಮಾಡಿ ಕಳಿಸಿದ್ದಾನೆ ಎಂದು ವಾದಿಸಿದ.

"ಹೆಸರು ಅಂದ್ರೆ ಹೆಸರುಕಾಳು ಅಂದ್ಕೊಂಡಿದ್ದೀರಾ, ಅಳೆದು ಪಾಲು ಮಾಡೋಕೆ?" ಎಂದಳು ಹೆಂಡತಿ.

ಸುದ್ದಿ ಹೇಗೋ ಅತ್ತೆಗೆ ಮುಟ್ಟಿತು. ಗುಂಡುವಿಗೆ ಅವನ ತಾಯಿಯ ಹೆಸರು, ಪೀಪಿಗೆ ತನ್ನ ಹೆಸರು ಎಂದು ತಿಳಿದದ್ದೇ ಫೋನು ಮಾಡಿದಳು. "ಅಳಿಯಂದ್ರೇ, ದೊಡ್ಡದಕ್ಕೆ ನಿಮ್ಮಮ್ಮನದು, ಚಿಕ್ಕದಕ್ಕೆ ನನ್ನದಾ? ನಾನೇನು ಸ್ಪೇರ್ ಟೈರಾ?"

"ನಾಲ್ಕೇ ನಿಮಿಷದ ವ್ಯತ್ಯಾಸ ಅತ್ತೆ."

"ಹಾಗಿದ್ರೆ ಅದಲುಬದಲು ಮಾಡಿ. ನಾಲ್ಕೇ ನಿಮಿಷ ತಾನೇ?"

ಅವನು ಜಗ್ಗಲಿಲ್ಲ. ತಾಯಿಯ ಋಣ ದೊಡ್ಡದು, ಹಾಗೆ ಹೀಗೆ ಎಂದೆಲ್ಲ ಭಾಷಣ ಮಾಡಿದ. ಭಾಷಣದ ಬಿಸಿಯಲ್ಲಿ ಹೆಂಡತಿಗೆ ಒಂದು ಮಾತು ಅಂದೂಬಿಟ್ಟ: "ನಮ್ಮಮ್ಮ ಇಲ್ಲದಿದ್ರೆ ನಿನ್ನ ಕೈಲಿ ಒಂದು ಮಗೂನೂ ಬದುಕ್ತಿರಲಿಲ್ಲ."

ಹೆಂಡತಿ ಅಳಲಿಲ್ಲ, ಜಗಳವನ್ನೂ ಆಡಲಿಲ್ಲ. "ಏನು ಬೇಕಾದ್ರೂ ಇಟ್ಕೊಳ್ಳಿ," ಎಂದು ಗೋಡೆಯ ಕಡೆ ತಿರುಗಿ ಮಲಗಿದಳು. ಮರುದಿನದಿಂದ ಅವನೊಡನೆ ನೇರ ಮಾತು ಬಂದ್. "ಗುಂಡೂ, ನಿಮ್ಮಪ್ಪಂಗೆ ಹೇಳು, ಊಟ ಆರಿ ಹೋಗ್ತಿದೆ." "ಪೀಪೀ, ನಿಮ್ಮಪ್ಪಂಗೆ ಹೇಳು, ನಿನ್ನ ಮೇಲೆ ಕೂತ್ಕೋಬೇಡ ಅಂತ." ಮಾತು ಬಾರದ ಎರಡು ಕೂಸುಗಳು ಆ ಮನೆಯ ವಕೀಲಿ ನಡೆಸತೊಡಗಿದವು.

ಬೋರ್ಡಣ್ಣನಿಗೆ ಕಹಿಯಾಯಿತು. ಆದರೂ ಗೆದ್ದೆ ಎಂದುಕೊಂಡ. ಗೆದ್ದವನು ಸುಮ್ಮನಿರಬಾರದಲ್ಲ? ಎರಡು ಪುಟ್ಟ ಹಲಗೆಗಳನ್ನು ಕೆತ್ತಿಸಿ, ಉಜ್ಜಿ, ವಾರ್ನಿಷ್ ಹೊಡೆದು, ತೊಟ್ಟಿಲಿಗೆ ತೂಗುಹಾಕಲು ಬೋರ್ಡು ಬರೆದ. ಚಿನ್ನದ ಬಣ್ಣದ ಅಕ್ಷರ, ಅದಕ್ಕೆ ಕೆಂಪು ನೆರಳು. ಮೂರು ಹೆಸರಲ್ಲಿ ನಡುವಿನದು ಮಾತ್ರ ಒಂದು ಸುತ್ತು ದಪ್ಪ. ಹಲ್ಲಿನ ಡಾಕ್ಟರಿಗೂ ಅವನು ಅಷ್ಟು ಚೆಂದ ಬರೆದಿರಲಿಲ್ಲ.

ಭಾನುವಾರ ನಾಮಫಲಕಗಳ ಅನಾವರಣ. ಅತ್ತೆ ಬಂದಳು, ಮುಖ ಊದಿಸಿಕೊಂಡೇ ಬಂದಳು. ತಾಯಿಯನ್ನು ಹಿತ್ತಲಿನಿಂದ ಎಬ್ಬಿಸಿ ತಂದು ಕುರ್ಚಿಯ ಮೇಲೆ ಕೂರಿಸಿದ್ದಾಯಿತು. ಹೆಂಡತಿ ಬಾಗಿಲಿಗೆ ಒರಗಿ ನಿಂತಳು. ಬೋರ್ಡಣ್ಣ ಗಂಟಲು ಸರಿಮಾಡಿಕೊಂಡು ಹಲಗೆಗಳ ಮೇಲೆ ಹೊದಿಸಿದ್ದ ಟವೆಲ್ ಎಳೆದ.

ತಾಯಿ ಕನ್ನಡಕ ಏರಿಸಿ ಒಂದೊಂದೇ ಅಕ್ಷರ ಓದಿದಳು. ಅವಳ ಕಣ್ಣಲ್ಲಿ ನೀರು ಬಂತು. ಬೋರ್ಡಣ್ಣನ ಎದೆಯುಬ್ಬಿತು.

"ಇದನ್ನ ಅಳಿಸು," ಎಂದಳು ತಾಯಿ.

"ಏನಮ್ಮ?"

"ಆ ಹೆಸರು ಅಳಿಸು ಕಣೋ. ನನಗಿಂತ ಮುಂಚೆ ನಮ್ಮಮ್ಮನಿಗೆ ಒಂದು ಹೆಣ್ಣು ಹುಟ್ಟಿ ತೀರಿಹೋಗಿತ್ತು. ಅದರ ಹೆಸರನ್ನೇ ನನಗಿಟ್ರು, ಅದರ ಹಳೇ ಅಂಗಿ ತೊಡಿಸಿದ ಹಾಗೆ. ಅಮ್ಮ ಕೂಗಿದಾಗೆಲ್ಲ ನನ್ನ ಕೂಗ್ತಿದ್ದಾಳೋ, ಅದನ್ನ ಕೂಗ್ತಿದ್ದಾಳೋ ಅಂತ ತಿಳೀತಿರಲಿಲ್ಲ. ಮದುವೆ ಆದ್ಮೇಲೆ ನಿಮ್ಮಪ್ಪ ಆ ಹೆಸರು ಎತ್ತಿದ್ದು ಸಿಟ್ಟು ಬಂದಾಗ ಮಾತ್ರ. ಈಗಲೂ ಯಾರಾದ್ರೂ ಆ ಹೆಸರು ಕೂಗಿದ್ರೆ ಏನು ತಪ್ಪು ಮಾಡಿದ್ನೋ ಅಂತ ಹುಡುಕ್ತೀನಿ. ಅದನ್ನ ತಂದು ಈ ಕೂಸಿನ ತಲೆ ಮೇಲೆ ನೇತುಹಾಕ್ತೀಯಾ?"

"ಮೊದಲೇ ಹೇಳಬಾರದಿತ್ತಾ ಅಮ್ಮ? ನಿನಗೋಸ್ಕರ ಇಷ್ಟೆಲ್ಲ ಹೊಡೆದಾಡಿದ್ನಲ್ಲ!"

"ನೀನು ನನ್ನ ಕೇಳಿದ್ಯೇನೋ?"

ಬೋರ್ಡಣ್ಣ ಎಲ್ಲರ ಹತ್ತಿರ ಮಾತಾಡಿದ್ದ, ಅವಳೊಬ್ಬಳನ್ನು ಬಿಟ್ಟು. ಮುಳುಗುವವನ ಹಾಗೆ ಅತ್ತೆಯ ಕಡೆ ತಿರುಗಿದ. "ಅತ್ತೆ, ನಿಮ್ಮ ಹೆಸರಾದ್ರೂ..."

ಅತ್ತೆ ಎದ್ದು ಹೋಗಿ ಬೀಗಿತ್ತಿಯ ಪಕ್ಕ ಕೂತಳು. "ನನ್ನದೂ ಬೇಡ ಬಿಡಿ ಅಳಿಯಂದ್ರೇ. ಇವರದ್ದು ದೊಡ್ಡದಕ್ಕೆ ಇಟ್ರಿ ಅಂತ ಹಟಕ್ಕೆ ಬಿದ್ದೆ. ಇಲ್ಲದಿದ್ರೆ ಯಾರಿಗೆ ಬೇಕಿತ್ತು ಆ ದರಿದ್ರ ಹೆಸರು? ಶಾಲೆಲಿ ಹಾಜರಿ ಕರೆದಾಗೆಲ್ಲ ಕ್ಲಾಸಿಗೆ ಕ್ಲಾಸೇ ನಗ್ತಿತ್ತು."

ಆಗ ಹೆಂಡತಿ ಬಾಗಿಲಿನಿಂದ ಬಂದು ಅವನ ತಾಯಿಗೆ ಒಂದು ಲೋಟ ನೀರು ಕೊಟ್ಟಳು. "ಅತ್ತೆ, ನಿಮಗೆ ಯಾವ ಹೆಸರು ಇದ್ದಿದ್ರೆ ಚೆನ್ನಾಗಿತ್ತು?"

ತಾಯಿ ನೀರು ಕುಡಿದು ಲೋಟ ಕೆಳಗಿಟ್ಟಳು. "ಯಾರೂ ಕೇಳಿರಲಿಲ್ಲಮ್ಮ. ಯೋಚನೆ ಮಾಡ್ಬೇಕು."

"ಬನ್ನಿ ಒಳಗೆ. ಕೂತು ಯೋಚನೆ ಮಾಡೋಣ."

ಮೂವರೂ ಎದ್ದು ಅಡಿಗೆಮನೆಗೆ ಹೋದರು. ಬಾಗಿಲು ಹಾಕಿಕೊಂಡಿತು. ಬೋರ್ಡಣ್ಣ ಟರ್ಪೆಂಟೈನ್ ಬಾಟಲಿ, ಬ್ಲೇಡು ಹಿಡಿದು ನೆಲದ ಮೇಲೆ ಕೂತ. ಮಳೆಬಿಸಿಲಿಗೆ ಜಗ್ಗದ ಪೇಂಟೆಂದು ಗಿರಾಕಿಗಳಿಗೆ ತಾನೇ ಗ್ಯಾರಂಟಿ ಕೊಡುತ್ತಿದ್ದ ಬಣ್ಣ ಅದು. ಕೆರೆದಷ್ಟೂ ಕೆಂಪು ನೆರಳು ಮರದೊಳಕ್ಕೇ ಇಳಿಯಿತು. ಅಷ್ಟರಲ್ಲಿ ಪೀಪಿ ಎದ್ದು ಊದತೊಡಗಿತು, ಅದರ ಸದ್ದಿಗೆ ಗುಂಡು ಎದ್ದಿತು. ಒಂದೊಂದು ತೋಳಲ್ಲಿ ಒಂದೊಂದನ್ನು ಹಾಕಿಕೊಂಡು, ಟರ್ಪೆಂಟೈನ್ ನಾರುತ್ತ, ಅವನು ಅಡಿಗೆಮನೆಯ ಬಾಗಿಲ ಮುಂದೆ ಬಂದು ನಿಂತ.

"ಸ್ವಲ್ಪ ಬಾಗಿಲು ತೆಗೀರಿ, ಹಸಿದಿವೆ."

ಒಳಗೆ ಯಾರಿಗೂ ಕೇಳಿಸಲಿಲ್ಲ. ಮೂವರೂ ಬಿದ್ದು ಬಿದ್ದು ನಗುತ್ತಿದ್ದರು. ತಾಯಿ ಹಾಗೆ ನಗುವುದನ್ನು ಅವನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ನಗು ನಿಂತಿತು. ಆಮೇಲೆ ಅವಳದೇ ದನಿ, ಸಾವಧಾನವಾಗಿ, ಒಂದು ತರಕಾರಿ ಆರಿಸುವಷ್ಟು ಸಲೀಸಾಗಿ ಕೇಳಿತು:

"ನಡುವಿಂದೇನೋ ಆಯ್ತು. ಆ ಕೊನೇ ಹೆಸರು ಅದೇ ಇರ್ಬೇಕು ಅಂತ ಏನಾದ್ರೂ ಕಾನೂನು ಇದೆಯೇನಮ್ಮ?"