ಎರಡು ಒತ್ತಿದರೆ ಎಂಜಿನಿಯರ್, ಮೂರು ಒತ್ತಿದರೆ ಬಾಸ್

"ಇನ್ನು ಮೇಲೆ ನನಗೆ ನಾನೇ ಬಾಸ್. ರಜೆ ಬೇಕಾದ್ರೆ ಕನ್ನಡಿ ಮುಂದೆ ನಿಂತು ಕೇಳ್ತೀನಿ, ಅಲ್ಲೇ ಮಂಜೂರು!"

ಕಂಪನಿಯ ಕೆಲಸಕ್ಕೆ ರಾಜೀನಾಮೆ ಬಿಸಾಕಿ ಬಂದ ಸಂಜೆ ಅವರು ಹೆಂಡತಿಯ ಮುಂದೆ ಎದೆಯುಬ್ಬಿಸಿ ಹೀಗೆ ಘೋಷಿಸಿದರು. ಹೋದ ವರ್ಷ ಮಗಳು ಶಾಲೆಯ ನಾಟಕದಲ್ಲಿ ಮೊಲವಾಗಿದ್ದಾಗ ಬಾಸ್ ರಜೆ ಕೊಟ್ಟಿರಲಿಲ್ಲ. ಆ ಮೊಲ ಕ್ಯಾರೆಟ್ ತಿನ್ನುವುದನ್ನೂ ಮರೆತು ವೇದಿಕೆಯಿಂದ ಅಪ್ಪನನ್ನು ಹುಡುಕಿತ್ತಂತೆ. ಸ್ವಂತ ಕಂಪನಿ ತೆರೆಯಲು ಅವರು ಊರಿಗೆಲ್ಲ ಹೇಳಿದ ಕಾರಣಗಳು ಹತ್ತಾರು. ನಿಜವಾದ ಕಾರಣ ಆ ಮೊಲ.

"ಎಂ.ಡಿ. ಸಾಹೇಬರೇ, ಕಾಫಿ ಆರ್ತಾ ಇದೆ" ಎಂದಳು ಹೆಂಡತಿ. ಬಿರುದು ಅಲ್ಲೇ ಅಂಟಿಕೊಂಡಿತು.

ಇಸ್ತ್ರಿ ಮೇಜಿನ ಮೂಲೆ ಮುಖ್ಯ ಕಚೇರಿಯಾಯಿತು. ಆಸ್ಪತ್ರೆ, ಅಂಗಡಿಗಳ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವುದು ಕಂಪನಿಯ ಕೆಲಸ. ಸಿಬ್ಬಂದಿ ಎಂದರೆ ಎಂ.ಡಿ. ಒಬ್ಬರೇ. ಆದರೆ ಹಾಗೆಂದು ಹೇಳಿಕೊಂಡರೆ ಯಾರು ನಂಬಿ ಕೆಲಸ ಕೊಡುತ್ತಾರೆ? ಅದಕ್ಕೇ ಹೆಂಡತಿಯನ್ನು ಓಲೈಸಿ, ಅವಳ ದನಿಯನ್ನು ಫೋನಿಗೆ ಹಾಕಿಸಿದರು: "ನಮಸ್ಕಾರ. ಮಾರಾಟ ವಿಭಾಗಕ್ಕೆ ಒಂದು ಒತ್ತಿ. ಎಂಜಿನಿಯರ್ ಬೇಕಿದ್ದರೆ ಎರಡು ಒತ್ತಿ. ಎಂ.ಡಿ.ಯವರಿಗೆ ಮೂರು ಒತ್ತಿ."

ಯಾವುದನ್ನು ಒತ್ತಿದರೂ ಬಡಿದುಕೊಳ್ಳುತ್ತಿದ್ದುದು ಇಸ್ತ್ರಿ ಮೂಲೆಯ ಅದೇ ಮೊಬೈಲು. ಪರದೆಯ ಮೇಲೆ ಎರಡು ಕಂಡರೆ ಸಾಹೇಬರು ಮೂಗು ಹಿಡಿದು ಕೀರಲು ದನಿಯ ಎಂಜಿನಿಯರ್ ಆಗುತ್ತಿದ್ದರು. ಮೂರು ಕಂಡರೆ ಗದ್ದವನ್ನು ಎದೆಗೆ ಒತ್ತಿ, ಹೊಟ್ಟೆಯ ಆಳದಿಂದ ಮಾತಾಡುತ್ತಿದ್ದರು.

"ಈ ವಯಸ್ಸಲ್ಲಿ ನಾಟಕದ ಹುಚ್ಚು ಮಗಳಿಗಿಂತ ನಿಮಗೇ ಜಾಸ್ತಿ" ಎಂದಳು ಹೆಂಡತಿ.

"ಇದಕ್ಕೆ ಮಾರ್ಕೆಟಿಂಗ್ ಅಂತಾರೆ ಕಣೇ."

ಅಂತೂ ಮೊದಲ ಗಿರಾಕಿ ಸಿಕ್ಕಿದರು. ಕಣ್ಣಿನ ಆಸ್ಪತ್ರೆಯ ಡಾಕ್ಟರಮ್ಮ. ಮಾತುಕತೆಯೆಲ್ಲ ಫೋನಿನಲ್ಲೇ. "ಒಂದು ವಾರ ನೋಡ್ತೀನಿ. ಹಿಡಿಸಿದ್ರೆ ಆಸ್ಪತ್ರೆ ಕೆಲಸ ಪೂರ್ತಿ ನಿಮಗೇ" ಎಂದಿದ್ದರು. ವಾರದ ಕೊನೆಯ ದಿನವೇ ಶಾಲೆಯ ನಾಟಕ. ಈ ಸಲ ಮಗಳು ಕೋಳಿ. ಆ ಬೆಳಿಗ್ಗೆ ರೆಕ್ಕೆ ಕಟ್ಟಿಕೊಂಡು ಬಂದು ನಿಂತಳು.

"ಅಪ್ಪಾ, ನಾನು ಕೂಗಿದ ಮೇಲೇ ಸೂರ್ಯ ಹುಟ್ಟೋದು. ನೀನು ಮೊದಲೇ ಬಂದು ಕೂತಿರಬೇಕು."

"ಈ ಸಲ ಆಗಲ್ಲ ಪುಟ್ಟಿ. ಮೊದಲನೇ ಗಿರಾಕಿ. ಇವತ್ತು ಫೋನ್ ಬಿಟ್ಟು ಅಲ್ಲಾಡೋ ಹಾಗಿಲ್ಲ."

ಪುಟ್ಟಿ ರೆಕ್ಕೆ ಎಳೆದುಕೊಂಡು ಕೋಣೆಗೆ ಹೋದಳು. ಅಷ್ಟರಲ್ಲಿ ಫೋನು. ಎರಡು! ಮೂಗು ಹಿಡಿದರು.

"ಎಂಜಿನಿಯರಾ? ಬೆಳಿಗ್ಗೆಯಿಂದ ಒಂದು ಕಂಪ್ಯೂಟರೂ ಬಾಯಿ ಬಿಡ್ತಿಲ್ಲ. ಮಧ್ಯಾಹ್ನವೇ ಬಂದು ನೋಡ್ಬೇಕು."

"ಖಂಡಿತ ಡಾಕ್ಟರಮ್ಮ."

ಕೋಣೆಯಿಂದ ಉದ್ದಕ್ಕೆ ಕೇಳಿಬಂತು: "ಕೊಕ್ಕೊಕ್ಕೋ..."

"ಆಫೀಸಲ್ಲಿ ಕೋಳಿ ಸಾಕಿದ್ದೀರಾ?"

"ಇಲ್ಲ ಡಾಕ್ಟರಮ್ಮ. ನನ್ನ ಮಗಳು. ಇವತ್ತು ಮಧ್ಯಾಹ್ನ ಶಾಲೇಲಿ ನಾಟಕ."

"ಮಧ್ಯಾಹ್ನವೇ? ಮತ್ತೆ ನೀವು ಹೋಗಲ್ವಾ?"

ವರ್ಷಗಟ್ಟಲೆ ಹೇಳಿ ಹೇಳಿ ನಾಲಿಗೆಗೆ ರೂಢಿಯಾಗಿದ್ದ ಮಾತು ತಾನಾಗಿ ಉದುರಿತು. "ಬಾಸ್ ರಜೆ ಕೊಡಲ್ಲ ಡಾಕ್ಟರಮ್ಮ."

ಕೋಳಿಯ ಜುಟ್ಟಿಗೆ ದಾರ ಹೊಲಿಯುತ್ತಿದ್ದ ಹೆಂಡತಿ ಸೂಜಿ ನಿಲ್ಲಿಸಿ ಗಂಡನ ಮುಖ ನೋಡಿದಳು. ಆ ನೋಟವನ್ನು ಎದುರಿಸಲಾಗದೆ ಸಾಹೇಬರು ಗೋಡೆಗೆ ತಿರುಗಿದರು. ಅತ್ತ ಫೋನು ಕಟ್ಟಾಯಿತು. ಉಸಿರು ಬಿಡುವಷ್ಟರಲ್ಲಿ ಮತ್ತೆ ಬಡಿದುಕೊಂಡಿತು. ಮೂರು! ಗದ್ದ ಎದೆಗೆ ಹೋಯಿತು.

"ಎಂ.ಡಿ.ಯವರಾ? ಏನ್ರೀ, ನಿಮಗೆ ಮನುಷ್ಯತ್ವ ಇದೆಯಾ?"

"ಯಾಕೆ ಡಾಕ್ಟರಮ್ಮ?" ಹೊಟ್ಟೆಯೊಳಗಿಂದ ಬಂದ ದನಿ ಅರ್ಧ ದಾರಿಯಲ್ಲೇ ಅದುರಿತು.

"ಆ ಎಂಜಿನಿಯರ್ ಪಾಪ, ಮೂಗು ಬೇರೆ ಕಟ್ಟಿದೆ. ಅವರ ಮಗಳ ನಾಟಕ ಇವತ್ತು. ಒಂದು ಮಧ್ಯಾಹ್ನ ಬಿಟ್ಟುಕೊಟ್ರೆ ನಿಮ್ಮ ಗಂಟೇನು ಹೋಗುತ್ತೆ?"

"ನಮ್ಮ ಕಂಪನೀಲಿ ಗಿರಾಕಿಗಳೇ ಮೊದಲು..."

"ಕೊಕ್ಕೊಕ್ಕೋ...!" ಈ ಸಲ ಕೋಳಿ ಬಾಗಿಲಲ್ಲೇ ನಿಂತಿತ್ತು.

"ನಿಮ್ಮ ರೂಮಲ್ಲೂ ಅದೇ ಕೋಳಿನಾ?" ಎಂದರು ಡಾಕ್ಟರಮ್ಮ. ಸಾಹೇಬರ ಹಣೆಯಲ್ಲಿ ಬೆವರು. ಗಿರಾಕಿ ಹೋದರು, ಕಂಪನಿ ಹೋಯಿತು, ಮಾನವೂ ಹೋಯಿತು ಎಂದುಕೊಂಡರು.

ಡಾಕ್ಟರಮ್ಮ ಮೆತ್ತಗೆ ಹೇಳಿದರು: "ಹೀಗೆ ಮಾಡಿ. ಇಬ್ಬರೂ ಹೋಗಿ ನೋಡ್ಕೊಂಡು ಬನ್ನಿ."

"ಡಾಕ್ಟರಮ್ಮ, ನಿಮ್ಮ ಕಂಪ್ಯೂಟರ್..."

"ಕಣ್ಣು ನೋಡೋಕೆ ನನಗೆ ನನ್ನ ಕಣ್ಣಿದೆ. ಹೊರಡಿ, ಹೊತ್ತಾಗುತ್ತೆ."

ಮಧ್ಯಾಹ್ನ ಶಾಲೆಯಲ್ಲಿ ಸಾಹೇಬರು ಮೊದಲ ಸಾಲಿನಲ್ಲಿ ಕೂತರು. ಪರದೆ ಸರಿಯಿತು. ಕೋಳಿ ಅತ್ತಿತ್ತ ಕತ್ತು ತಿರುಗಿಸಿ ಹುಡುಕಿತು, ಅಪ್ಪನನ್ನು ಕಂಡಿತು, ಕೂಗುವುದನ್ನು ಬಿಟ್ಟು ಕೈಯಾಡಿಸಿತು. ಮರೆಯಿಂದ ಟೀಚರ್ ಮೂರು ಸಲ ಪಿಸುಗುಟ್ಟಿದ ಮೇಲೆ ಸೂರ್ಯ ತಡವಾಗಿ ಹುಟ್ಟಿದ. ಸಾಹೇಬರಿಗೆ ಅದು ಮಸುಕಾಗಿಯೇ ಕಂಡಿತು, ಕಣ್ಣು ತುಂಬಿತ್ತು.

ನಾಟಕ ಮುಗಿದು ಅಂಗಳಕ್ಕೆ ಬಂದಾಗ ಜೇಬಿನಲ್ಲಿ ಫೋನು. ಎರಡೋ ಮೂರೋ ನೋಡುವುದನ್ನೇ ಮರೆತು ಎತ್ತಿದರು.

"ಕೋಳಿ ಕೂಗ್ತಾ?"

"ಕೂಗ್ತು ಡಾಕ್ಟರಮ್ಮ. ತುಂಬಾ ಚೆನ್ನಾಗಿ ಕೂಗ್ತು."

"ಈ ದನಿ ಹೊಸದು. ಯಾರು ಮಾತಾಡ್ತಿರೋದು?"

"ನಾನೇ ಡಾಕ್ಟರಮ್ಮ. ಇರೋದು ನಾನೊಬ್ಬನೇ."

"ಇವರೇ ವಾಸಿ. ನಾಳೆ ಬೆಳಿಗ್ಗೆ ಇವರನ್ನೇ ಕಳಿಸಿ, ಆಸ್ಪತ್ರೆ ಕೆಲಸ ಪೂರ್ತಿ ಒಪ್ಪಿಸ್ತೀನಿ. ಆ ಬಾಸ್ ಮಾತ್ರ ನನ್ನ ಬಾಗಿಲಿಗೆ ಬರೋದು ಬೇಡ."

ಸಾಹೇಬರು ಪಕ್ಕದಲ್ಲಿದ್ದ ಹೆಂಡತಿಗೆ ಎಲ್ಲವನ್ನೂ ಹೇಳಿದರು. ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ ನಕ್ಕಳು. "ಹಾಗಾದ್ರೆ ಬಾಸ್ ಗತಿ ಏನ್ರೀ?"

"ಈ ಕ್ಷಣದಿಂದಲೇ ಕೆಲಸದಿಂದ ತೆಗೆದು ಹಾಕಿದೀನಿ!"

ಅಪ್ಪನ ಹೆಗಲ ಮೇಲಿದ್ದ ಕೋಳಿ ಜುಟ್ಟು ಸರಿಮಾಡಿಕೊಂಡು ಬಗ್ಗಿತು.

"ತೆಗೀಬೇಡಪ್ಪ, ಪಾಪ. ಮನೇಲಿ ಅವರಿಗೂ ಒಬ್ಬಳು ಪುಟ್ಟಿ ಇದ್ರೆ?"