ರೇಡಿಯೋಗೆ ಹಿಡಿದ ಕಾಟ

ಹೆಂಡತಿಯ ಮೇಲೆ ಸಂಶಯಪಡುವ ಗಂಡಂದಿರನ್ನು ನೀವು ಕಂಡಿರಬಹುದು. ಹೆಂಡತಿಯ ಬಳೆಗಳ ಮೇಲೆ ಸಂಶಯಪಟ್ಟವರು, ನನಗೆ ತಿಳಿದಂತೆ, ನಮ್ಮ ಭಾವ ಒಬ್ಬರೇ. ಮೊದಲು ಬಳೆ, ಆಮೇಲೆ ಒರಳುಕಲ್ಲು, ಆಮೇಲೆ ಬೆಕ್ಕು. ವಿಚಾರಣೆ ಈ ಕ್ರಮದಲ್ಲೇ ನಡೆಯಿತು.

ಭಾವ ಮೂಡಿಗೆರೆ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕಪತ್ರ ನೋಡುವ ರೈಟರು. ಯುದ್ಧದ ಕಾಲ. ಎರಡು ಸಿಲ್ವರ್ ಓಕ್ ಮರಗಳ ನಡುವೆ ತಂತಿ ಎಳೆದು, ಮೋಟಾರಿನ ಬ್ಯಾಟರಿ ಕಟ್ಟಿ, ತಾವೇ ಒಂದು ರೇಡಿಯೋ ಜೋಡಿಸಿಕೊಂಡಿದ್ದರು. ಅವರ ಒಬ್ಬನೇ ಮಗ ಸೈನ್ಯ ಸೇರಿ ಸಿಂಗಾಪುರಕ್ಕೆ ಹೋಗಿದ್ದ. ಸಿಂಗಾಪುರ ಜಪಾನಿನವರ ಕೈಗೆ ಬಿದ್ದ ಮೇಲೆ ಅವನ ಸುದ್ದಿಯಿರಲಿಲ್ಲ. ಸೆರೆಸಿಕ್ಕ ಸಿಪಾಯಿಗಳ ಹೆಸರನ್ನು ಆ ಕಡೆಯ ಒಂದು ಸ್ಟೇಷನ್ ಸಂಜೆ ಹೊತ್ತು ಓದುತ್ತದೆಂದು ಯಾರೋ ಹೇಳಿದರು. ಕಾಫಿ ಕುಯ್ಲು ಶುರುವಾಗುವ ಹೊತ್ತಿಗೆ ಭಾವನಿಗೆ ಆ ಸ್ಟೇಷನ್ ಸಿಕ್ಕಿತು. ಆದರೆ ಹೆಸರು ಓದುವ ಸಮಯಕ್ಕೆ ಸರಿಯಾಗಿ ಪೆಟ್ಟಿಗೆಯೊಳಗೆ ಕರಕರ ಎಂದು ಒಂದು ಸದ್ದೆದ್ದು ಎಲ್ಲವನ್ನೂ ನುಂಗುತ್ತಿತ್ತು. ಭಾವ ಅದನ್ನು ‘ಕಾಟ’ ಎಂದು ಕರೆದರು.

ಕಾಟದ ಮೂಲ ಹಿಡಿಯಲು ಕಾಫಿ ಜರಡಿಯೊಂದರ ಚೌಕಟ್ಟಿಗೆ ತಂತಿ ಸುತ್ತಿದರು. ಅದನ್ನು ತಿರುಗಿಸುತ್ತ ಹೋದರೆ ಸದ್ದು ಬರುವ ದಿಕ್ಕು ತಿಳಿಯುತ್ತದಂತೆ. ತಿಳಿಯಿತು. ಒಂದು ಗೆರೆ ಸಿಕ್ಕಿತು. ಗೆರೆಯ ಒಂದು ಕೊನೆಗೆ ಅಡುಗೆಮನೆ, ಇನ್ನೊಂದು ಕೊನೆಗೆ ಕಾಫಿ ಹಣ್ಣು ಸುಲಿಯುವ ಯಂತ್ರವಿದ್ದ ಪಲ್ಪರ್ ಮನೆ. ಆ ದಿನ ಕುಯ್ದ ಹಣ್ಣನ್ನು ಆ ದಿನವೇ ಸುಲಿಯದಿದ್ದರೆ ಹುಳಿ ಬರುವುದರಿಂದ, ಅಲ್ಲಿ ಮುಸ್ಸಂಜೆಗೆ ಎಂಜಿನ್ ಹಾಕುತ್ತಿದ್ದರು.

ಭಾವ ಅಡುಗೆಮನೆಯನ್ನು ಆರಿಸಿಕೊಂಡರು.

“ಚಳಿಗೆ ಬೆಕ್ಕಿನ ಮೈಯಲ್ಲಿ ಕರೆಂಟ್ ಹುಟ್ತದೆ” ಎಂದು ಅಕ್ಕನಿಗೆ ತಿಳಿಸಿದರು.

“ಹಾಗಾದ್ರೆ ಬ್ಯಾಟರಿ ಯಾಕೆ? ಅದನ್ನೇ ಕಟ್ಕೊಳ್ಳಿ” ಎಂದಳು ಅಕ್ಕ. ಭಾವನ ಅಪ್ಪಣೆಯಂತೆ ಆಗಲೇ ಬಳೆ ಬಿಚ್ಚಿಟ್ಟು ಬರಿಗೈಯಲ್ಲಿ ರೊಟ್ಟಿ ತಟ್ಟುತ್ತಿದ್ದಳು.

“ಭಾವ, ಇನ್ನೊಂದು ಕೊನೇಲಿ ಎಂಜಿನ್ ಇದೆಯಲ್ಲ” ಎಂದೆ, ಆಗ ಅವರ ಮನೆಯಲ್ಲೇ ಇದ್ದ ನಾನು.

“ಮೊದಲು ಈ ಕೊನೆ ಮುಗೀಲಿ ಮಾರಾಯ.”

ಈ ಕೊನೆ ಮುಗಿಯುವ ಲಕ್ಷಣ ಕಾಣಲಿಲ್ಲ. ಅಷ್ಟರಲ್ಲಿ ‘ಕಾಟ’ ಎಂಬ ಮಾತು ಪಲ್ಪರ್ ಮನೆಯ ಮೇಸ್ತ್ರಿಯ ಕಿವಿಗೆ ಬಿತ್ತು. ಅವನು ವಿಚಾರಿಸಲು ಬಂದ.

“ಕಾಟ ಯಾವ ಹೊತ್ತಿಗೆ ರೈಟ್ರೇ?”

“ದಿನಾ ಮುಸ್ಸಂಜೆಗೆ.”

“ಮತ್ತೆ ಕೇಳೋದೇನು? ಚೌಡೀದೇ. ಒಂದು ಕೋಳಿ ಕೊಡ್ಬೇಕು.”

ಬ್ಯಾಟರಿಯ ಬಗ್ಗೆ ಭಾವ ಕೊಟ್ಟ ವಿವರಣೆಯನ್ನು ಅವನು ಗೌರವದಿಂದ ಕೇಳಿಸಿಕೊಂಡ. ಮರುದಿನ ಸಂಜೆ ಎಂಜಿನ್ ನಿಲ್ಲಿಸಿ, ಆಳುಗಳನ್ನೆಲ್ಲ ಕರೆದುಕೊಂಡು, ಕೋಳಿ ಹಿಡಿದು ತೋಟ ಕಾಯುವ ಚೌಡಿಯ ಕಲ್ಲಿಗೆ ಹೋದ. ಇಲ್ಲಿ ರೇಡಿಯೋ ತಿಳಿನೀರಿನ ಹಾಗೆ ಮಾತಾಡಿತು.

ತಪ್ಪು ಎಂಜಿನ್ನಿನದೆಂದು ನಾನು ಬಿಡಿಸಿ ಹೇಳಿದಾಗ ಮೇಸ್ತ್ರಿ, “ಹಾಗಾದ್ರೆ ಚೌಡಿ ಎಂಜಿನ್ ಒಳಗೇ ಕೂತಿತ್ತು” ಎಂದ. ಆಮೇಲೆ ಭಾವನ ಕಡೆ ತಿರುಗಿದ. “ಹುಡುಗನ ಹೆಸ್ರು ಬರೋ ತನಕ ಆ ಹೊತ್ತಲ್ಲಿ ಎಂಜಿನ್ ಬೇಡ ರೈಟ್ರೇ. ಪಲ್ಪರ್ ಕೈಯಲ್ಲೇ ತಿರುಗಿಸ್ತೀವಿ.”

ತಿರುಗಿಸಿದರು. ಹಗಲೆಲ್ಲ ಹಣ್ಣು ಹೊತ್ತವರು ಸಂಜೆ ಪಾಳಿಯ ಮೇಲೆ ಆ ಚಕ್ರಕ್ಕೆ ಕೈ ಕೊಟ್ಟರು. ಭಾವ ಒಂದೊಂದು ಹೆಸರನ್ನೂ ಕೇಳಿದರು. ಯಾರದೋ ಊರು, ಯಾರದೋ ತಂದೆಯ ಹೆಸರು, ಎಲ್ಲವೂ ಅಕ್ಷರ ಅಕ್ಷರ ಸ್ಪಷ್ಟ. ನಮ್ಮ ಹುಡುಗನ ಹೆಸರು ಮೊದಲ ದಿನ ಬರಲಿಲ್ಲ. ಆಮೇಲೂ ಬರಲಿಲ್ಲ.

ಒಂದು ಸಂಜೆ ರೇಡಿಯೋ ಹಚ್ಚುವ ಮೊದಲು ಭಾವ ಪಲ್ಪರ್ ಮನೆಗೆ ನಡೆದರು. ನಾನೂ ಹಿಂದೆ ಹೋದೆ. ಮೇಸ್ತ್ರಿಯ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಭಾವ ಅದನ್ನು ನೋಡಿದರು.

“ಎಂಜಿನ್ ಹಾಕು ಮಾರಾಯ. ಹಣ್ಣು ಹುಳಿ ಬರ್ತದೆ.”

“ಇವತ್ತೇ ಹೆಸ್ರು ಬಂದ್ರೆ ರೈಟ್ರೇ?”

“ನೀನು ಹಾಕು.”

ನಾವು ಮನೆ ಮುಟ್ಟುವಷ್ಟರಲ್ಲಿ ಎಂಜಿನ್ ಶುರುವಾಗಿತ್ತು. ಭಾವ ರೇಡಿಯೋಗೆ ಕಿವಿ ಹಚ್ಚಿ ಕುಳಿತರು. ಕರಕರದ ಹೊರತು ಏನೂ ಇರಲಿಲ್ಲ. ಹೆಸರು ಓದುವ ಹೊತ್ತು ಮುಗಿದ ಮೇಲೆ ಅಕ್ಕ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತಳು.

“ಏನಾದ್ರೂ ಬಂತಾ?”

“ಓದಿದ್ರು ಕಣೇ. ಅವನದೇ ಇರ್ಬೇಕು. ಈ ಕಾಟದಲ್ಲಿ ಸರಿಯಾಗಿ ಕೇಳಿಸ್ಲಿಲ್ಲ.”

ಅಕ್ಕನೂ ಎಂಜಿನ್ ಸದ್ದನ್ನು ಕೇಳುತ್ತಿದ್ದಳು. ಕಾಟ ಎಂಜಿನ್ನಿನದೆಂದು ತಿಳಿದ ಮೇಲೆ ಮತ್ತೆ ತೊಟ್ಟಿದ್ದ ಬಳೆಗಳನ್ನು ಒಳಗೆ ಹೋಗಿ ಬಿಚ್ಚಿಟ್ಟು ಬಂದಳು.

“ನಾಳೆ ಕೇಳಿಸ್ಬಹುದು” ಎಂದಳು.